ಉಣ್ಣೆ ಕೊಟ್ಟಿಗೆಯ ಮೌನ

ನಾನು ಟಾಸ್ಮೇನಿಯಾದಲ್ಲಿ ಸಿನಿಮಾಗಳಿಗೆ ಧ್ವನಿಮುದ್ರಣ ಮಾಡುವವಳು. ನನ್ನ ಕಿವಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೂ ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಹಿರಿಯ ಲೇಖಕಿ ಮರ್ಲ್ ಟಕ್‌ವೆಲ್ ಬರೆದ ದೆವ್ವದ ಕಾದಂಬರಿಯನ್ನು ಅವರ ಊರಿನಲ್ಲಿ, ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಹಳೆಯ ಕೊಟ್ಟಿಗೆಯಲ್ಲೇ ಚಿತ್ರೀಕರಿಸಿದೆವು. ಜಾಗ ಬಿಡುವ ಮೊದಲು ಎಲ್ಲರನ್ನೂ ಅಲುಗಾಡದಂತೆ ನಿಲ್ಲಿಸಿ, ಅಲ್ಲಿನ ಬರಿಯ ಮೌನವನ್ನು ಮುದ್ರಿಸಿಕೊಳ್ಳುವುದು ನಮ್ಮ ಪದ್ಧತಿ. ಮಾತಿಲ್ಲದ ದೃಶ್ಯಗಳಿಗೆ ಅದನ್ನು ಜೋಡಿಸುತ್ತೇವೆ.

ಸಿನಿಮಾ ಸಿದ್ಧವಾದ ಮೇಲೆ ಅದೇ ಊರಿನ ಸಭಾಂಗಣದಲ್ಲಿ ಮಧ್ಯಾಹ್ನ ಮೊದಲ ಪ್ರದರ್ಶನ. ಪುಸ್ತಕದಲ್ಲಿ ಒಮ್ಮೆಯೂ ಕಣ್ಣಿಗೆ ಕಾಣಿಸದ ದೆವ್ವದ ಹೆಂಗಸು ತೆರೆಯ ಮೇಲೆ ಮುಖಕ್ಕೆ ಬಿಳಿ ಬಣ್ಣ ಮೆತ್ತಿಕೊಂಡು ಬಂದಳು.

"ಯಾರಾದ್ರೂ ಅವಳಿಗೊಂದು ಟವೆಲ್ ಕೊಡ್ರೋ!" ಎಂದು ಒಬ್ಬ ಕೂಗಿದ. ಜನ ಬಿದ್ದು ಬಿದ್ದು ನಕ್ಕರು.

ಕೊನೆಯ ದೃಶ್ಯದಲ್ಲಿ ಖಾಲಿ ಕೊಟ್ಟಿಗೆ, ನಾನು ಜೋಡಿಸಿದ ಮೌನ. ನಗು ನಿಂತಿತು. ಎರಡು ಸಲ ಉಸಿರೆಳೆದು, ಒಮ್ಮೆ ಬಿಡುವ ಸದ್ದು. ಜೋಡಿಸುವಾಗ ಅದು ನನಗೆ ಕೇಳಿಸಿರಲಿಲ್ಲ.

ಪಕ್ಕದಲ್ಲಿದ್ದ ಮರ್ಲ್ ನನ್ನ ತೋಳು ಹಿಡಿದರು.

"ಸಿನಿಮಾ ಹಾಳಾಗ್ಲಿ ಬಿಡು ಮಗೂ. ಆ ಉಸಿರು ನಿಂಗೆಲ್ಲಿ ಸಿಕ್ತು? ಕೊಟ್ಟಿಗೇಲಿ ಕೇಳಿದ್ರೂ ಅದನ್ನ ನಾನು ಬರೆದೇ ಇಲ್ಲ. ಅವಳು ಕೊಟ್ಟಿಗೆ ಬಿಟ್ಟು ಹೊರಗೆ ಬರಬಾರ್ದು ಅಂತ್ಲೇ ಬರೀಲಿಲ್ಲ. ತೆಗೆದುಹಾಕು."

ಮನೆಗೆ ಹೋದವಳೇ ಆ ಮುದ್ರಣವನ್ನು ಅಳಿಸಿದೆ. ಅಡುಗೆಮನೆಯಲ್ಲಿ ಫ್ರಿಜ್ ಆರಿಸಿ, ಒಬ್ಬಳೇ ಉಸಿರು ಬಿಗಿಹಿಡಿದು ನಿಂತು, ಬೇರೆ ಮೌನವನ್ನು ಮುದ್ರಿಸಿ ಅಲ್ಲಿಗೆ ಸೇರಿಸಿದೆ.

ಮುಂದಿನ ಪ್ರದರ್ಶನ ಹೋಬಾರ್ಟ್‌ನಲ್ಲಿ. ಅಲ್ಲಿಯೂ ಜನ ಹಾಗೆಯೇ ನಕ್ಕರು, ಕೊನೆಯಲ್ಲಿ ಹಾಗೆಯೇ ಸುಮ್ಮನಾದರು. ಎರಡು ಸಲ ಉಸಿರೆಳೆದು, ಒಮ್ಮೆ ಬಿಟ್ಟಳು.

ಅದು ನನ್ನ ಅಡುಗೆಮನೆಯ ಮೌನ. ಅಂದಿನಿಂದ ತಂಗಿಯ ಮನೆಯಲ್ಲಿದ್ದೇನೆ. ಇಲ್ಲಿ ರೇಡಿಯೊ ಆರಿಸಲು ಯಾರನ್ನೂ ಬಿಡುವುದಿಲ್ಲ.