ಆ ಮೂರು ದಿನ ಬಿಟ್ಟು

ಆ ಭಾನುವಾರ ಬೆಳಿಗ್ಗೆ ಹೋಲ್ಮ್‌ಬಿ ಊರಿನ ಮೇಲೆ ಮಂಜು ಕವಿದಿತ್ತು. ನವೆಂಬರಿನ ಮಂಜು, ಬೇಲಿ, ತಂತಿ, ಹುಲ್ಲು, ಮುಟ್ಟಿದ್ದೆಲ್ಲದರ ಮೇಲೂ ಹೆಪ್ಪುಗಟ್ಟಿ ಕೂರುವಂಥದ್ದು. ಕಾನ್ಸಾಸಿನ ಆ ಬಯಲಿನಲ್ಲಿ ಹತ್ತು ಮೈಲಿಯಾಚೆಗೂ ಕಾಣುವ ಗೋಧಿ ಕಣಜದ ಗೋಪುರ ಕೂಡ ಅಂದು ಕಾಣಲಿಲ್ಲ. ಚರ್ಚಿನ ಗಂಟೆಯೊಂದೇ ಜನರಿಗೆ ದಾರಿ ತೋರಿತು. ಲೋಕವನ್ನು ಒಂದು ಗಳಿಗೆ ಮುಚ್ಚಿಟ್ಟು ದೇವರು ತನ್ನಷ್ಟಕ್ಕೆ ಏನನ್ನೋ ಜೋಡಿಸುವ ದಿನಗಳಿರುತ್ತವೆ. ಅದು ಅಂಥದೊಂದು ದಿನ.

ಲಿನಿಯಾ ಹಾಲ್‌ಬರ್ಗ್‌ಗೆ ಮಾತ್ರ ಅದೇನೂ ತೋಚಲಿಲ್ಲ. ಅವಳ ಕಣ್ಣು ಗಡಿಯಾರದ ಮೇಲಿತ್ತು.

ಪ್ರಾರ್ಥನೆ ಮುಗಿದು, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯೂ ಆಗಿ, ಮೇಜಿನ ಸುತ್ತ ಮೂವರು ಕೂತಿದ್ದರು. ಲಿನಿಯಾ, ಅವಳ ಚಿಕ್ಕಪ್ಪನ ಮಗಳು ಬ್ರಿಟ್ಟಾ, ಬ್ರಿಟ್ಟಾಳ ಗಂಡ ಕರ್ಟಿಸ್. ನಾಲ್ಕನೆಯ ಕುರ್ಚಿ ಖಾಲಿ.

ಬಾಗಿಲು ತೆರೆದು ಅವನು ಒಳಗೆ ಬಂದಾಗ ಹುಬ್ಬಿನ ಮೇಲೆಲ್ಲ ಮಂಜಿನ ಹರಳು.

"ಹನ್ನೊಂದಕ್ಕೆ ಸೇರೋದು ಅಂತ ಹೇಳಿತ್ತು," ಎಂದಳು ಲಿನಿಯಾ, ತಲೆ ಎತ್ತದೆ. "ಈಗ ಹನ್ನೊಂದೂ ಇಪ್ಪತ್ತು."

"ಮಂಜಲ್ಲಿ ಬೇರೆ ಯಾರದೋ ಅಂಗಳಕ್ಕೆ ಹೋಗ್ಬಿಟ್ಟಿದ್ದೆ," ಎಂದ ಅವನು. "ಅವರು ಕಾಫಿ ಕೊಟ್ರು. ಕುಡೀದೆ ಬಂದ್ರೆ ಚೆನ್ನಾಗಿರಲ್ವಲ್ಲ."

ಅವನು ವೆಂಡೆಲ್ ಕ್ರೌಸ್. ಹೊಲಗಳ ನೀರಾವರಿ ಯಂತ್ರ ರಿಪೇರಿ ಮಾಡುವ ಕೆಲಸಕ್ಕೆ ನೆಬ್ರಾಸ್ಕಾದಿಂದ ಬಂದು ಮೂರು ತಿಂಗಳಾಗಿತ್ತು. ನಾಲ್ಕು ಜನ ಕೂರುವ ವ್ಯಾನ್ ಇದೆ ಎಂಬ ಒಂದೇ ಕಾರಣಕ್ಕೆ ಪಾದ್ರಿಗಳು ಅವನನ್ನು ಈ ಪ್ರವಾಸದ ಗುಂಪಿಗೆ ಸೇರಿಸಿದ್ದರು.

ಲಿನಿಯಾ ತಲೆ ಎತ್ತಿದಳು. ಅವನು ಅವಳನ್ನೇ ನೋಡುತ್ತಿದ್ದ. ತಪ್ಪು ಮಾಡಿದವನ ನೋಟವಲ್ಲ. ಎಷ್ಟೋ ದೂರ ನಡೆದು ಬಂದವನು ದೀಪ ಕಂಡ ಹಾಗೆ...

ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಸಿಟ್ಟಿಗೆ ಎಂದೇ ಅವಳು ತಿಳಿದಳು.

"ಕೂತ್ಕೊಳ್ಳಿ. ಮತ್ತೆ ಮೊದಲಿಂದ ಓದ್ತೀನಿ."

"ಅಯ್ಯೋ ಬೇಡ ಕಣೇ," ಎಂದಳು ಬ್ರಿಟ್ಟಾ.

ಆದರೂ ಲಿನಿಯಾ ಓದಿದಳು. ಪ್ರವಾಸ ಫೆಬ್ರವರಿಯಲ್ಲಿ, ಸೋಮವಾರದ ಸರ್ಕಾರಿ ರಜೆ ಸೇರಿಸಿಕೊಂಡು. ಪಶ್ಚಿಮದ ಬೆಟ್ಟಗಳಿಗೆ, ಹಿಮದ ಮೇಲೆ ಸ್ಕೀ ಕಟ್ಟಿ ಜಾರಲು, ಎಂಟು ಗಂಟೆ ದಾರಿ. ತಲಾ ಐನೂರು ಡಾಲರಿನೊಳಗೆ ಮುಗಿಯಬೇಕು. ಸ್ಕೀ ಉಡುಪು ಯಾರೂ ಕೊಳ್ಳಕೂಡದು. ಹೊಲದ ಕೆಲಸದ ದಪ್ಪ ಓವರಾಲಿಗೆ ನೀರು ತಡೆಯುವ ಸ್ಪ್ರೇ ಹೊಡೆದರೆ ಸಾಕು. ಸ್ಕೀ ಬಾಡಿಗೆಗೆ ತರುವುದು ಬೆಟ್ಟದ ಮೇಲಲ್ಲ, ಕೆಳಗಿನ ಊರಿನಲ್ಲಿ, ಅರ್ಧ ಬೆಲೆಗೆ. ಮಧ್ಯಾಹ್ನದ ಬ್ರೆಡ್ಡು ಜೇಬಿನಲ್ಲಿ. ರಾತ್ರಿಗೆ ಹುರುಳಿಕಾಯಿ, ದನದ ಮಾಂಸ ಬೇಯಿಸಿದ ಪಾತ್ರೆ ಮನೆಯಿಂದಲೇ.

"ಒಂದು ಕೇಳ್ಲಾ?" ಎಂದ ವೆಂಡೆಲ್. "ಬೀಳೋದು ಯಾವ ದಿನ?"

"ಏನು?"

"ಅಲ್ಲ, ಎಲ್ಲದಕ್ಕೂ ದಿನ, ಗಂಟೆ ಇದೆ. ನಾವ್ಯಾರೂ ಹುಟ್ಟಿದಾಗಿಂದ ಸ್ಕೀ ಮುಟ್ಟಿದವರಲ್ಲ. ಬೀಳೋಕೂ ಒಂದಿಷ್ಟು ಹೊತ್ತು ಇಡಬೇಕಲ್ವಾ?"

ಕರ್ಟಿಸ್ ಕಾಫಿ ಉಗುಳುವಷ್ಟು ನಕ್ಕ. ಲಿನಿಯಾ ನಗಲಿಲ್ಲ.

ನಗದೆ ಇರಲು ಅವಳಿಗೆ ಕಾರಣವಿತ್ತು. ಚರ್ಚಿನಲ್ಲಿ ಬೆಟ್ಟಗಳನ್ನು ಹಾಡಿ ಹೊಗಳುತ್ತಲೇ ಬೆಳೆದವಳು, ಮೂವತ್ತು ತುಂಬಿದರೂ ಒಂದು ಬೆಟ್ಟ ಕಂಡವಳಲ್ಲ. ಕಣಜದ ತೂಕದ ಮನೆಯಲ್ಲಿ ಲಾರಿಗಳ ಗೋಧಿ ತೂಗುವ ಕೆಲಸ. ಸುಗ್ಗಿಯಲ್ಲಿ ಹಗಲು ರಾತ್ರಿ ದುಡಿದರೆ ವರ್ಷಕ್ಕೆ ನಾಲ್ಕು ದಿನ ರಜೆ. ಎರಡು ವರ್ಷದ ಹಿಂದೆ ಎಲ್ಲ ಸಿದ್ಧವಾಗಿತ್ತು. ಮದುವೆಯಾಗಬೇಕಿದ್ದ ಡ್ವೇನ್ ಹೊರಡುವ ಹಿಂದಿನ ದಿನ 'ಬರೋಕೆ ಆಗಲ್ಲ' ಎಂದು ಎರಡು ಪದ ಕಳಿಸಿದ. ಪ್ರವಾಸಕ್ಕೂ ಬರಲಿಲ್ಲ, ಬಾಳಿಗೂ ಬರಲಿಲ್ಲ. ಅಂದಿನಿಂದ ಅವಳು ಯಾರನ್ನೂ ನಂಬದೆ ಎಲ್ಲವನ್ನೂ ತಾನೇ ಬರೆದಿಡುತ್ತಿದ್ದಳು. ಬರೆದಿಟ್ಟದ್ದು ಕೈಕೊಡುವುದಿಲ್ಲ ಎಂಬುದು ಅವಳ ನಂಬಿಕೆ.

ಈ ಬಾರಿ ಲೆಕ್ಕ ನಾಲ್ವರದು. ಒಬ್ಬರು ತಪ್ಪಿದರೂ ಕ್ಯಾಬಿನ್ನಿನ ಬಾಡಿಗೆ ಉಳಿದ ಮೂವರಿಗೆ ಎಟುಕುವುದಿಲ್ಲ.

ಮತ್ತೆ ಈ ವರ್ಷವೂ ತಪ್ಪಿಹೋದರೆ... ಆ ಮಾತನ್ನು ಅವಳು ಪ್ರಾರ್ಥನೆಯಲ್ಲೂ ಪೂರ್ತಿ ಮಾಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಪ್ರತಿ ಶನಿವಾರ ತಾಲೀಮು ನಡೆಯಿತು. ಊರಿನಲ್ಲಿ ಇಳಿಜಾರು ಎಂಬುದೇ ಇಲ್ಲ. ಹಾಗಾಗಿ ಹಳೆಯ ಸಾಮಾನಿನ ಮಾರಾಟದಲ್ಲಿ ತಂದ ಸ್ಕೀ ಬೂಟು ತೊಟ್ಟು ನಾಲ್ವರೂ ಚರ್ಚಿನ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಇಳಿಯಬೇಕೆಂದು ಲಿನಿಯಾ ಕಟ್ಟಪ್ಪಣೆ ಮಾಡಿದಳು. ಧಡ್, ಧಡ್, ಧಡ್.

"ಕುದುರೆ ಸಾಕಿದ್ದೀರೇನ್ರೋ ಇಲ್ಲಿ?" ಎಂದು ಚರ್ಚಿನ ಅಡುಗೆ ನೋಡಿಕೊಳ್ಳುವ ಆರ್ಡಿಸ್ ಅತ್ತೆ ಒಮ್ಮೆ ಅಡುಗೆಮನೆಯಿಂದ ಕೂಗಿದರು. "ಮೇಲೆ ಪಾದ್ರಿಗಳು ಮದುವೆ ಮಾಡಿಸ್ತಿದಾರೆ."

ವೆಂಡೆಲ್ ಪ್ರತಿ ಶನಿವಾರವೂ ತಡ. ಒಮ್ಮೆ ಕೆಸರಿನಲ್ಲಿ ಸಿಕ್ಕ ಯಾರದೋ ಹಸು, ಇನ್ನೊಮ್ಮೆ ಒಂಟಿ ಮುದುಕಿಯ ಮನೆಯ ಒಲೆ. ಕಾರಣ ಕೇಳಿದರೆ ಸಿಟ್ಟು ಮಾಡಲೂ ಆಗದಂಥ ಕಾರಣ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಒಂದು ಶನಿವಾರ ಅವಳ ಬೂಟಿನ ಕೊಂಡಿ ಸಿಕ್ಕಿಕೊಂಡಿತು. ಎಳೆದಳು, ಗುದ್ದಿದಳು, ಬಿಡಲಿಲ್ಲ. ಅವನು ಬಂದು ಕೆಳಗಿನ ಮೆಟ್ಟಿಲಿನಲ್ಲಿ ಮಂಡಿಯೂರಿ ಕೂತ.

"ನಾನೇ ಮಾಡ್ಕೋತೀನಿ."

"ಹತ್ತು ನಿಮಿಷದಿಂದ ಮಾಡ್ಕೋತಾನೇ ಇದ್ದೀಯ," ಎಂದ. ನೀವು ಎನ್ನುವುದು ಅಷ್ಟರಲ್ಲಿ ಯಾವಾಗಲೋ ಬಿಟ್ಟುಹೋಗಿತ್ತು. "ಕಾಲು ಸಡಿಲ ಬಿಡು. ಬಿಗಿ ಹಿಡಿದ್ರೆ ಇದೂ ಬಿಗಿ ಹಿಡಿಯುತ್ತೆ."

ಅವಳು ಬಿಟ್ಟಳು. ಕೊಂಡಿ ಟಕ್ಕೆಂದು ಕಳಚಿತು. ಅವನ ಬೆರಳು ಎಣ್ಣೆಗಪ್ಪು. ಆದರೆ ಹಕ್ಕಿಮರಿ ಹಿಡಿದವನ ಹಾಗೆ ಹಗುರ.

'ಇವನ ಬಗ್ಗೆ ನನಗೇನೂ ಇಲ್ಲ,' ಎಂದುಕೊಂಡಳು. 'ಬರೀ ರೇಜಿಗೆ.' ಆ ರಾತ್ರಿ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಮನೆಯವರ ಹೆಸರುಗಳ ನಡುವೆ ಅವನ ಹೆಸರೂ ನಾಲಿಗೆಗೆ ಬಂತು. ಕಣ್ಣು ಬಿಟ್ಟು, ತನ್ನ ಮೇಲೆ ತಾನೇ ಗೊಣಗಿಕೊಂಡು ಮಲಗಿದಳು.

ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿಯ ಪಾಸ್ ಕೊಳ್ಳುವ ಒಂದೇ ಒಂದು ಕೆಲಸವನ್ನು ಅವಳು ವೆಂಡೆಲ್‌ಗೆ ವಹಿಸಿದ್ದಳು. "ಆ ಮನುಷ್ಯನಿಗೂ ಏನಾದರೂ ಕೊಡೇ," ಎಂದು ಆರ್ಡಿಸ್ ಅತ್ತೆ ಹೇಳಿದ್ದಕ್ಕೆ. ಅವನು ಆ ದಿನವೇ ಹಣ ಕಟ್ಟಿ ಅಂಚೆಯಲ್ಲಿ ತರಿಸಿದ.

ಜನವರಿಯ ಬುಧವಾರದ ಚರ್ಚಿನ ಊಟ. ಮೇಜಿನ ತುಂಬ ಜನ. ಬ್ರಿಟ್ಟಾ ಸುಮ್ಮನೆ ಪಾಸಿನ ಹಿಂಬದಿಯ ಸಣ್ಣಕ್ಷರ ಓದುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಲೇ ಲಿನಿಯಾ... ಇದರಲ್ಲಿ 'ಈ ಮೂರು ದಿನ ಬಿಟ್ಟು' ಅಂತಿದೆ ಕಣೇ. ರಜೆಯ ಶನಿವಾರ, ಭಾನುವಾರ, ಸೋಮವಾರ. ಆ ದಿನ ನಡೆಯಲ್ವಂತೆ."

"ನಾವು ಹೋಗೋದೇ ಆ ಮೂರು ದಿನ," ಎಂದ ಕರ್ಟಿಸ್.

ಚಮಚಗಳು ನಿಂತವು. ಲಿನಿಯಾ ಎದ್ದುನಿಂತಳು. ಎರಡು ವರ್ಷ ನುಂಗಿಕೊಂಡಿದ್ದೆಲ್ಲ ಗಂಟಲಿಗೆ ಬಂತು.

"ಒಂದು ಕೆಲಸ," ಎಂದಳು. "ಒಂದೇ ಒಂದು ಕೆಲಸ ಕೊಟ್ಟಿದ್ದೆ ನಿನಗೆ. ಊರವರ ಹಸುಗೆಲ್ಲ ಹೊತ್ತಿರುತ್ತೆ, ಎರಡು ಸಾಲು ಓದೋಕೆ ಹೊತ್ತಿಲ್ಲ. ನಿನಗೇನು, ನೀನು ಎಲ್ಲಿಗೂ ತಡವಾಗಿ ಹೋಗೋನು. ನನಗಿರೋದು ನಾಲ್ಕು ದಿನ ವೆಂಡೆಲ್. ವರ್ಷಕ್ಕೆ ನಾಲ್ಕು ದಿನ."

ವೆಂಡೆಲ್ ಬಾಯಿ ತೆರೆದ. ಅವಳನ್ನು ನೋಡಿದ, ಸುತ್ತ ಕೂತವರನ್ನು ನೋಡಿದ. ಬಾಯಿ ಮುಚ್ಚಿದ.

"ಸರಿಮಾಡ್ತೀನಿ," ಎಂದಷ್ಟೇ ಹೇಳಿ, ತಟ್ಟೆ ತೊಳೆದಿಟ್ಟು ಹೊರಟುಹೋದ.

ಶುಕ್ರವಾರ ಮಧ್ಯಾಹ್ನ ಅವನ ಸಂದೇಶ ಬಂತು. 'ಪಾಸಿನ ಚಿಂತೆ ಬಿಡು. ವ್ಯಾನ್ ನಿಮಗೇ ಕೊಡ್ತೀನಿ. ನಾನು ಬರಲ್ಲ.'

ಬರಲ್ಲ. ಈ ಸಲ ಎರಡಲ್ಲ, ಒಂದೇ ಪದ.

ತೂಕದ ಮನೆಯಲ್ಲಿ ಕೂತು ಅವಳು ಅದನ್ನು ಓದಿದಳು. ಹೊರಗೆ ಲಾರಿಯವನೊಬ್ಬ ಹಾರ್ನ್ ಒತ್ತುತ್ತಲೇ ಇದ್ದ. ಪ್ರವಾಸ ಹೋಯಿತು ಎಂದು ಅಳು ಬರಬೇಕಿತ್ತು... ಬಂದದ್ದು ಬೇರೆಯೇ ಅಳು. ಅವನಿಲ್ಲದ ಶನಿವಾರಗಳು ಕಣ್ಣ ಮುಂದೆ ಬಂದವು. ಹೊತ್ತಿಗೆ ಸರಿಯಾಗಿ ಶುರುವಾಗಿ, ಹೊತ್ತಿಗೆ ಸರಿಯಾಗಿ ಮುಗಿಯುವ, ಒಣ ಶನಿವಾರಗಳು.

ಕಣ್ಣೊರೆಸಿಕೊಂಡು ಪಾಸಿನ ಕಚೇರಿಗೆ ಫೋನು ಮಾಡಿದಳು. ಹಣವಾದರೂ ಹಿಂದಕ್ಕೆ ಬರುತ್ತದೇನೋ ಎಂದು.

"ಈ ನಾಲ್ಕೂ ನಿನ್ನೆಯೇ ಬದಲಾಗಿವೆಯಲ್ಲಮ್ಮ," ಎಂದಳು ಆ ಕಡೆಯ ಹೆಂಗಸು. "ಈಗ ರಜೆಯಲ್ಲೂ ನಡೆಯುತ್ತೆ. ತಲಾ ಅರವತ್ತು ಡಾಲರ್ ಹೆಚ್ಚು. ಅದನ್ನೂ ಕಟ್ಟಿದಾರೆ."

"ಯಾರು?"

"ಕ್ರೌಸ್ ಅಂತ. ಪಾಪ, ಒಂದು ಗಂಟೆ ಕಾದಿದ್ರು ಫೋನಲ್ಲಿ. ಸಣ್ಣಕ್ಷರ ಓದಬೇಕಿತ್ತಲ್ಲಪ್ಪ ಅಂದೆ. 'ಬರೆದುಕೊಟ್ಟವಳು ಯಾವತ್ತೂ ತಪ್ಪು ಮಾಡೋಳಲ್ಲ, ಇದೊಂದು ತಪ್ಪಿದೆ, ಅವಳಿಗೆ ಗೊತ್ತಾಗೋದು ಬೇಡ' ಅಂದ್ರು. ಯಾರಮ್ಮ ಆ ಪುಣ್ಯಾತ್ಗಿತ್ತಿ?"

ಲಿನಿಯಾ ಕರೆ ಮುಗಿಸಿದಳು. ಡಿಸೆಂಬರಿನಲ್ಲಿ ತಾನು ವೆಂಡೆಲ್‌ಗೆ ಕಳಿಸಿದ್ದ ಸಂದೇಶವನ್ನು ಹುಡುಕಿ ತೆಗೆದಳು.

'ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿರೋ ಪಾಸ್ ತಗೋ, ಅದೇ ಅಗ್ಗ. ಬೇರೆ ಮುಟ್ಟಬೇಡ. ನಾನು ಎಲ್ಲ ನೋಡಿದ್ದೀನಿ.'

ನೋಡಿರಲಿಲ್ಲ. ತಲಾ ಅರವತ್ತು ಡಾಲರ್ ಉಳಿಯಿತೆಂಬ ಹಿಗ್ಗಿನಲ್ಲಿ ಅವಳು ಬೆಲೆಯನ್ನಷ್ಟೇ ನೋಡಿದ್ದಳು. ಬುಧವಾರ ಅಷ್ಟು ಜನರ ಮುಂದೆ ಈ ಒಂದು ಸಾಲು ತೋರಿಸಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು, ಅವಳದು ಹೋಗುತ್ತಿತ್ತು. ಅವನು ತನ್ನದನ್ನೇ ಬಿಟ್ಟುಕೊಟ್ಟಿದ್ದ.

ಅವಳು ಫೋನನ್ನು ಮೇಜಿನ ಮೇಲೆ ಬೋರಲಿಟ್ಟಳು. ಯಾರೋ ಮುಖ ನೋಡುತ್ತಿದ್ದಾರೆ ಎನ್ನುವ ಹಾಗೆ.

ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿಗೆ ಕೂತಿದ್ದಾಗ ಲಿನಿಯಾ ಎದ್ದು ನಿಂತಳು.

"ಬುಧವಾರ ಇಲ್ಲಿದ್ದವರಿಗೆ ಒಂದು ಮಾತು," ಎಂದಳು. "ಪಾಸಿನ ತಪ್ಪು ನನ್ನದು. ನಾನೇ ಬರೆದುಕೊಟ್ಟಿದ್ದೆ. ವೆಂಡೆಲ್ ನಾನು ಹೇಳಿದ್ದನ್ನೇ ಕೊಂಡ. ಕೂಗಾಡಿದ್ದೂ ನಾನೇ."

"ಇದನ್ನ ಕ್ಯಾಲೆಂಡರಲ್ಲಿ ಬರೆದಿಡಬೇಕು," ಎಂದ ಕರ್ಟಿಸ್ ಮೆಲ್ಲಗೆ. ಬ್ರಿಟ್ಟಾ ಮೇಜಿನಡಿ ಅವನ ಕಾಲು ತುಳಿದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ವೆಂಡೆಲ್ ಲೋಟ ಹಿಡಿದು ಅಡುಗೆಮನೆಯತ್ತ ಹೋದ. ಅವಳೂ ಹಿಂದೆಯೇ ಹೋದಳು. ಅಲ್ಲಿ ಆರ್ಡಿಸ್ ಅತ್ತೆ ಕಾಫಿಯ ದೊಡ್ಡ ಪಾತ್ರೆ ತೊಳೆಯುತ್ತಿದ್ದರು. ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಕೈ ಒರೆಸಿಕೊಂಡು, "ಮೇಲೆ ದೀಪ ಆರಿಸಿದ್ದಾರೋ ಇಲ್ವೋ," ಎನ್ನುತ್ತ ಹೊರಗೆ ಹೋದರು.

"ಅಷ್ಟು ಜನರ ಮುಂದೆ ಹೇಳೋದು ಬೇಕಿರಲಿಲ್ಲ," ಎಂದ ವೆಂಡೆಲ್.

"ಅಷ್ಟು ಜನರ ಮುಂದೆ ಬೈದಿದ್ದೆನಲ್ಲ." ಅವಳು ಕೈಯಲ್ಲಿದ್ದ ಕಾಣಿಕೆಯ ಲಕೋಟೆಯನ್ನು ಅವನ ಮುಂದಿಟ್ಟಳು. "ಇನ್ನೂರ ನಲವತ್ತು. ತಪ್ಪು ನನ್ನದು, ದಂಡವೂ ನನ್ನದೇ. ಬೇಡ ಅನ್ನಬೇಡ. ಬೇಡ ಅಂದ್ರೆ ನನಗೆ ನಿದ್ದೆ ಬರಲ್ಲ."

"ಬೇಡ ಅನ್ನಲ್ಲ," ಎಂದು ಅವನು ತೆಗೆದುಕೊಂಡ.

ಲೋಟ ತೊಳೆಯಲು ನಲ್ಲಿ ತಿರುಗಿಸಿದ.

"ಯಾಕೆ ಬರಲ್ಲ ಅಂದೆ?" ಎಂದಳು.

"ನೀನು ಎಷ್ಟು ವರ್ಷದಿಂದ ಕಾದಿದ್ದೀಯ ಅಂತ ಬ್ರಿಟ್ಟಾ ಹೇಳಿದ್ಲು. ಕ್ಯಾಬಿನ್ನಿನ ನನ್ನ ಪಾಲು ಹೇಗೂ ಕೊಡ್ತಿದ್ದೆ. ನಾನಿದ್ರೆ ನಿನಗೆ ದಾರಿಯುದ್ದಕ್ಕೂ ರೇಜಿಗೆ. ಬೆಟ್ಟ ನೋಡೋ ಹೊತ್ತಲ್ಲೂ ನನ್ನ ಮೇಲೆ ಸಿಟ್ಟಾಗಿರ್ತೀಯ."

"ಆಗಿರ್ತೀನಿ," ಎಂದಳು ಲಿನಿಯಾ. ಕಣ್ಣು ತುಂಬಿತ್ತು, ದನಿಯಲ್ಲಿ ಮಾತ್ರ ಅದೇ ಹಳೆಯ ಕಿರಿಕಿರಿ. "ನೀನು ತಡ ಮಾಡ್ತೀಯ, ನಾನು ಸಿಟ್ಟಾಗ್ತೀನಿ. ಆದರೆ ಇಪ್ಪತ್ತು ನಿಮಿಷ ಬಾಗಿಲು ನೋಡ್ತಾ ಕೂತಿರ್ತೀನಲ್ಲ ವೆಂಡೆಲ್... ಅದು ಬರೀ ಸಿಟ್ಟಿಗಲ್ಲ. ಬೆಟ್ಟ ಅಲ್ಲೇ ಇರುತ್ತೆ. ನೀನಿಲ್ಲದೆ ಅದನ್ನ ನೋಡೋಕೆ ನನಗೆ ಮನಸ್ಸಿಲ್ಲ."

ಅವನು ನಲ್ಲಿ ನಿಲ್ಲಿಸಿದ.

"ಮೊದಲ ದಿನ," ಎಂದ, "ಕಾಫಿ ಕೊಟ್ಟ ಮನೆಯವರು ಇನ್ನೊಂದು ಲೋಟ ಕುಡಿ ಅಂದ್ರು. ಆ ಮಂಜಲ್ಲಿ ಹೋಗಬೇಡ ಅಂದ್ರು. ಕುಡಿದು ಅಲ್ಲೇ ಉಳಿದಿದ್ರೆ ನಿನ್ನ ನೋಡ್ತಾನೇ ಇರಲಿಲ್ಲ ಅಂತ ಎಷ್ಟು ಸಲ ನಡುಗಿದ್ದೀನೋ."

ವೆಂಡೆಲ್ ಕೈ ಒರೆಸಿಕೊಂಡ. ಲಕೋಟೆ ಬಿಚ್ಚಿ, ಇಪ್ಪತ್ತರ ನೋಟುಗಳನ್ನು ನಿಧಾನವಾಗಿ ಎಣಿಸಿದ. ಒಂಬತ್ತನ್ನು ಜೇಬಿಗಿಟ್ಟುಕೊಂಡ. ಉಳಿದ ಮೂರನ್ನು, ಒಟ್ಟು ಅರವತ್ತು ಡಾಲರನ್ನು, ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದ.

"ಇದೇನು?"

"ನಾಲ್ಕನೆಯವನ ಪಾಲು. ಅವನು ಬರ್ತಿದ್ದಾನೆ," ಎಂದ. "ಅವನದು ಅವನೇ ಕೊಡ್ಲಿ."