ಕಂದಕದ ಸಾಕ್ಷಿಗುಡ್ಡೆ

ಬಹಳ ಹಿಂದೆ, ಏಳು ಹೊಳೆಗಳ ಆಚೆ, ತೊರೆಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಕುದುರೆಯೇರಿ ಬಂದ ರಾಜನೊಬ್ಬ ಕಟ್ಟಿಸಿದ ಮರದ ಕೋಟೆ ಎಂದೋ ಗೆದ್ದಲು ಹಿಡಿದು ಹೋಗಿ, ಮಣ್ಣಿನ ದಿಬ್ಬವೂ ಸುತ್ತಲಿನ ಒಣ ಕಂದಕವೂ ಮಾತ್ರ ಉಳಿದಿದ್ದವು. ಊರವರಿಗೆ ಅದು ಕುರಿ ಮೇಯಿಸುವ ಜಾಗ. ಮಣ್ಣು ಕೆಲಸದ ಯಂಕವ್ವನಿಗೆ ಮಾತ್ರ ಅದನ್ನು ನೋಡಿದಷ್ಟೂ ಸಾಲದು. "ಬುಟ್ಟಿಯಲ್ಲಿ ಹೊತ್ತು ಇಷ್ಟೆತ್ತರ ಮಾಡಿದ್ರಲ್ಲ ನಮ್ಮೋರು! ಎಂಥಾ ಕೈ!" ಎಂದು ದಿನಾ ಕೈಮುಗಿಯುತ್ತಿದ್ದಳು.

ಒಂದು ಬೆಳಿಗ್ಗೆ ಕಾಳಮಾಯ ಎಂಬ ಮಂತ್ರವಾದಿ ಕಾಡುಹಂದಿ ಏರಿ ಬಂದ. "ಈ ದಿಬ್ಬ ನನ್ನ ಮಂತ್ರದಿಂದ ಎದ್ದದ್ದು. ಇದನ್ನು ತುಳಿದವರೆಲ್ಲ ನನ್ನ ಟಗರುಗಳು!" ಎಂದು ಕೋಲು ಬೀಸಿದ. ದಿಬ್ಬದ ಮೇಲೆ ಕುರಿ ಕಾಯುತ್ತಿದ್ದ ಯಂಕವ್ವನ ಗಂಡ ಗಿಡ್ಡಪ್ಪ ಟಗರಾಗಿ "ಬ್ಯಾ" ಎಂದ.

ಯಂಕವ್ವ ಮಂತ್ರವಾದಿಗೆ ಅಡ್ಡ ನಿಂತಳು. ಅವಳು ಹಿಂದೆ ಸರಿಯುವ ಹೆಂಗಸಲ್ಲ. "ಸುಳ್ಳು! ಇದು ನಮ್ಮೋರು ಹೊತ್ತು ಹಾಕಿದ ಮಣ್ಣು."

"ಹಾಗಾದರೆ ಗುರುತು ತೋರಿಸು. ಮೂರು ಸಲ ನೋಡ್ತೀನಿ. ನನ್ನ ಸುಳ್ಳು ಬಯಲಾದರೆ ನನ್ನ ಮಾಯೆಯೂ ಹೋಯಿತು. ಇಲ್ಲದಿದ್ದರೆ ಹೊತ್ತು ಮುಳುಗುವಷ್ಟರಲ್ಲಿ ಊರೆಲ್ಲ ಟಗರು."

ಮೊದಲ ಸಲ ಅವಳು ದಿಬ್ಬದ ಮಗ್ಗುಲು ಕೆರೆದು ಒಂದು ಪದರ ಮಣ್ಣು, ಒಂದು ಪದರ ಗರಸು ಹಾಕಿ ಕಟ್ಟಿದ್ದನ್ನು ತೋರಿಸಿದಳು. ಮಂತ್ರವಾದಿ ಬೆಂಕಿ ಉಗುಳಿದ. ಪದರಗಳು ಸುಟ್ಟು ಒಂದೇ ಬಣ್ಣವಾದವು. ಎರಡನೆಯ ಸಲ, ಮಣ್ಣು ಬಡಿದು ಗಟ್ಟಿಮಾಡುವ ಹಳೆಯ ದಿಮ್ಮಸೊಂದನ್ನು ಅಗೆದು ತೆಗೆದಳು. ಹಂದಿ ಅದನ್ನು ಕಡಿದು ನುಂಗಿತು.

ಯಂಕವ್ವ ಅಳುತ್ತ ಕಂದಕಕ್ಕಿಳಿದಳು. ಅಲ್ಲಿ, ಅಜ್ಜಿ ಹೇಳಿ ನಗುತ್ತಿದ್ದ ಮಾತು ನೆನಪಾಯಿತು. ಮಣ್ಣು ತೋಡುವವರು ಒಂದು ಕಡೆ ನೆಲವನ್ನು ತೋಡದೆ ಕಂಬದಂತೆ ಬಿಡುತ್ತಾರೆ. ಎಷ್ಟು ಆಳ ತೋಡಿದರು ಎಂಬುದಕ್ಕೆ ಅದೇ ಸಾಕ್ಷಿಗುಡ್ಡೆ. ಕೆಲಸದ ಹಿರಿಯ ಅಳೆದ ಮೇಲೆ ಅದನ್ನೂ ಕಡಿಯುತ್ತಾರೆ. ಕೋಟೆ ಕಟ್ಟುವಾಗ ಇಲ್ಲಿ ಅಳೆಯಬೇಕಿದ್ದ ಹಿರಿಯ ತಿಪ್ಪಜ್ಜ ಎದ್ದು ನಿಂತ ದಿಬ್ಬವನ್ನು ಬಾಯಿ ಬಿಟ್ಟು ನೋಡುತ್ತ ಅಳೆಯುವುದನ್ನೇ ಮರೆತಿದ್ದ. ಪಾಪ, ಮರೆಗುಳಿ ತಿಪ್ಪ ಎಂದೇ ಅವನಿಗೆ ಹೆಸರು ಬಿದ್ದಿತ್ತು.

ಯಂಕವ್ವ ಮುಳ್ಳುಪೊದೆ ಎಳೆದು ಹಾಕಿದಳು. ಸಾಕ್ಷಿಗುಡ್ಡೆ ನಿಂತೇ ಇತ್ತು!

"ನೋಡೋ ಇಲ್ಲಿ! ಮೊದಲು ನೆಲ ಇಷ್ಟೆತ್ತರ ಇತ್ತು. ಇಲ್ಲಿಂದ ತೋಡಿದ ಮಣ್ಣೇ ಅಲ್ಲಿ ದಿಬ್ಬವಾಗಿ ಕುಂತದೆ. ನಿನ್ನ ಮಂತ್ರಕ್ಕೆ ಈ ಹೊಂಡ ಯಾಕೋ ಬೇಕಿತ್ತು?"

ಹಂದಿ ನುಗ್ಗಿ ಗುಡ್ಡೆಗೆ ಗುದ್ದಿತು. ಯಾರೂ ಕದಲಿಸದ ಗಟ್ಟಿ ನೆಲ ಅದು, ಕೋರೆಯೇ ಮುರಿಯಿತು. ಮಂತ್ರವಾದಿಯ ಸುಳ್ಳು ಬಯಲಾಯಿತು. ಕೋಲು ಪುಡಿಯಾಯಿತು, ಅವನೂ ಅವನ ಹಂದಿಯೂ ಹೊಗೆಯಾಗಿ ಹೋದರು.

ಗಿಡ್ಡಪ್ಪ ಮನುಷ್ಯನಾಗಿ ಎದ್ದು, "ಥೂ, ಹುಲ್ಲು ಇನ್ನೂ ಬಾಯಲ್ಲೇ ಅದೆ ಕಣೇ" ಎಂದ. ಯಂಕವ್ವ ಅಳುತ್ತಲೇ ನಕ್ಕಳು.

ಅಂದಿನಿಂದ ತೊರೆಗಲ್ಲಿನವರು ನಗುನಗುತ್ತ ಬಾಳಿದರು. ವರ್ಷಕ್ಕೊಮ್ಮೆ ಎಲ್ಲರೂ ಸಾಕ್ಷಿಗುಡ್ಡೆಯ ಬಳಿ ಸೇರಿ, ತಿಪ್ಪಜ್ಜನ ಹಾಗೆಯೇ ಬಾಯಿ ಬಿಟ್ಟು ದಿಬ್ಬವನ್ನು ನೋಡುತ್ತಿದ್ದರು. ಅಳತೆಗೋಲನ್ನು ಮಾತ್ರ ಯಾರೂ ತರುತ್ತಿರಲಿಲ್ಲ.