ಸಾತಪುರದ ಖಾಲಿ ಫೋಲ್ಡರ್

ಕಬ್ಬಿಣದ ರಾಡು ನನ್ನ ಕುತ್ತಿಗೆಗೆ ತಾಗಿತ್ತು. ತಣ್ಣಗಿತ್ತು.

ಭಯವಾಗಲಿಲ್ಲ... ಗೆಳೆಯ ಪರಮೇಶ್ವರ ಸತ್ತ ದಿನದಿಂದ ನನಗೆ ಏನೂ ಅನ್ನಿಸುತ್ತಿಲ್ಲ, ಸ್ವಾಮಿ.

"ಏ ಅಮರ, ವಿಡಿಯೋ ಅಳಿಸ್ತೀಯೋ ಇಲ್ಲೋ?"

ರಾಡು ಹಿಡಿದವನು ಸಂಗಮನಾಥ. ಕಂಪನಿ ಮಾಲೀಕರ ಗೂಂಡಾ. ನಮ್ಮ ಬೀದರ ಕಡೆಯವನೇ!

ನಾವಿದ್ದದ್ದು ನಾಸಿಕ್‌ನ ಸಾತಪುರದಲ್ಲಿ, ಹೆಡ್ ಆಫೀಸಿನ ಸರ್ವರ್ ರೂಮಿನಲ್ಲಿ. ಅಳಿಸಬೇಕಾದದ್ದು ಸಂಭಾಜಿನಗರದ ಶೇಂದ್ರಾ ಪ್ಲಾಂಟಿನ ಕ್ಯಾಮೆರಾ ವಿಡಿಯೋ. ಪರಮೇಶ್ವರ ಪ್ರೆಸ್ ಮಷಿನ್ನಿಗೆ ಸಿಕ್ಕಿ ಸತ್ತದ್ದು ಅದರಲ್ಲಿತ್ತು. ಅದಕ್ಕೂ ಮೊದಲು ಸೂಪರ್‌ವೈಸರ್ ಮಷಿನ್ನಿನ ಸುರಕ್ಷತಾ ಗಾರ್ಡ್ ಬಿಚ್ಚಿಸಿದ್ದೂ ಇತ್ತು. ಕಂಪನಿ ಮಾತ್ರ ಒಂದೇ ಮಾತು ಹೇಳುತ್ತಿತ್ತು... ಅವನು ಕುಡಿದಿದ್ದ!

ಅವನು ಹನಿ ಹೆಂಡ ಮುಟ್ಟಿದವನಲ್ಲ.

"ಒಂದು ನಿಮಿಷ ಹಿಡೀತದ, ಅಣ್ಣಾ."

ಫೋಲ್ಡರಿನಿಂದ ಹೊರಬಂದೆ. ಕೈಕಟ್ಟಿ ಕುಳಿತೆ.

ಎರಡೂ ಕಡೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವನು ನಾನೇ. ವಿಡಿಯೋ ಇರುವುದು ಶೇಂದ್ರಾದ ಸರ್ವರಿನಲ್ಲಿ. ಸಾತಪುರದ ಕಂಪ್ಯೂಟರು ಹೆಸರು ಹಿಡಿದು ಕರೆದಾಗ ಮಾತ್ರ ಅದನ್ನು ಜೋಡಿಸಿಕೊಳ್ಳುತ್ತದೆ. ಆಟೋಮೌಂಟ್! ಒಂದು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿಯೇ ಕಳಚಿಕೊಳ್ಳುತ್ತದೆ. ನಾನೇ ಹಾಗೆ ಸೆಟ್ ಮಾಡಿಟ್ಟಿದ್ದೆ.

ನಿಮಿಷ ಕಳೆಯಿತು. ಆ ಹೆಸರು ಟೈಪ್ ಮಾಡದೆ ಹೊರಗಿನ ಫೋಲ್ಡರ್ ಮಾತ್ರ ತೋರಿಸಿದೆ. ಖಾಲಿ!

ಸಂಗಮನಾಥ ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದ.

"ಲಿಂಗ ಮುಟ್ಟಿ ಹೇಳು!"

ಅವನ ಕೊರಳಲ್ಲೂ ಲಿಂಗವಿತ್ತು, ನನ್ನ ಕೊರಳಲ್ಲೂ. ರಾಡಿಗಿಂತ ಅವನಿಗೆ ಆ ಆಣೆಯ ಮೇಲೆ ಹೆಚ್ಚು ನಂಬಿಕೆ.

ಮುಟ್ಟಿದೆ. "ಲಿಂಗದಾಣೆ... ಈ ಫೋಲ್ಡರ್‌ನಾಗ ಈಗ ಏನೂ ಇಲ್ಲ."

ರಾಡು ಇಳಿಯಿತು. ಮಾಲೀಕರಿಗೆ ಫೋನ್ ಮಾಡಲು ಅವನು ಹೊರಗೆ ಹೋದ.

'ಶೇಂದ್ರಾ' ಎಂದು ಟೈಪ್ ಮಾಡಿದೆ. ಎಲ್ಲಾ ವಿಡಿಯೋ ವಾಪಸ್! ಪೆನ್‌ಡ್ರೈವ್ ಚುಚ್ಚಿದೆ. ಕಾಪಿ ಮುಗಿಯಿತು. ಕಿತ್ತುಕೊಂಡೆ...

ಬಾಗಿಲು ತೆರೆಯಿತು.

"ಎಲಾ ಇವನ! ಮತ್ತ ಹ್ಯಾಂಗ ಬಂತಲೇ?"

ಕೀಬೋರ್ಡಿನಿಂದ ಮುಖಕ್ಕೆ ಬಾರಿಸಿದೆ. ಓಡಿದೆ. ಗೇಟಿನಲ್ಲಿ ಶಿಫ್ಟ್ ಬಿಟ್ಟಿತ್ತು. ಎಲ್ಲಿ ನೋಡಿದರೂ ಬೈಕು! ನನ್ನದನ್ನೂ ಒದ್ದು ಅವುಗಳ ನಡುವೆ ನುಗ್ಗಿಸಿದೆ. ಹಿಂದಿನಿಂದ ರಾಡು ಹಾರಿಬಂದು ಟೇಲ್‌ಲೈಟ್ ಒಡೆಯಿತು.

"ಥಾಂಬ್! ಪಕಡಾ ತ್ಯಾಲಾ!"

ನಿಲ್ಲು, ಹಿಡಿಯಿರಿ ಅವನನ್ನು ಎಂದು ಗೇಟಿನವರು ಮರಾಠಿಯಲ್ಲಿ ಕೂಗಿದರು. ನಾನು ನಿಲ್ಲಲಿಲ್ಲ.

ನಾಲ್ಕು ತಾಸು ಬೈಕ್ ಓಡಿಸಿ ಸಂಭಾಜಿನಗರ ತಲುಪಿದೆ. ಅಲ್ಲಿನ ಪೊಲೀಸ್ ಠಾಣೆಯಲ್ಲಿ ಪರಮೇಶ್ವರನ ಹೆಂಡತಿ ನೀಲಾಂಬಿಕಾ ಕಾಯುತ್ತಿದ್ದಳು. ಇನ್‌ಸ್ಪೆಕ್ಟರ್ ವಿಡಿಯೋ ಹಾಕಿದರು. ಆಕೆ ಗೋಡೆಯ ಕಡೆ ತಿರುಗಿ ನಿಂತಳು.

"ಅವರು ಕುಡಿದಿರಲಿಲ್ಲ ಅಲ್ರಿ, ಅಣ್ಣಾ?"

"ಇಲ್ಲವ್ವ. ಗಾರ್ಡ್ ಬಿಚ್ಚಿಸಿದ್ದನ್ನ ಇನ್‌ಸ್ಪೆಕ್ಟರ್ ಸಾಹೇಬರೂ ನೋಡಿದ್ರು."

ಆಕೆ ಅತ್ತಳು. ನನಗೂ ಅಳು ಬಂದರೆ ಚೆನ್ನಾಗಿತ್ತು ಅನ್ನಿಸಿತು. ಬರಲಿಲ್ಲ.

ಫೋನ್ ಬಡಿದುಕೊಂಡಿತು. ಸಂಗಮನಾಥ!

"ಲಿಂಗ ಮುಟ್ಟಿ ಸುಳ್ಳು ಹೇಳಿದ್ಯಲ್ಲೋ, ಪಾಪಿ!"

"ಸುಳ್ಳೆಲ್ಲಿ ಹೇಳೀನಿ, ಅಣ್ಣಾ? ಖಾಲಿ ಅದ ಅಂದೆ... ಅಳಿಸೀನಿ ಅಂದಿದ್ನೇನು?"